ಯಶಸ್ವಿನಿ ಆರೋಗ್ಯ ರಕ್ಷಣಾ ಯೋಜನೆ

ಯಶಸ್ವಿನಿ ಆರೋಗ್ಯ ರಕ್ಷಣಾ ಯೋಜನೆಯು ಕರ್ನಾಟಕದ ಸಹಕಾರ ಸಂಘಗಳ ಸದಸ್ಯರನ್ನೂ ಅವರ ಕುಟುಂಬದವರನ್ನೂ ಶಸ್ತ್ರಚಿಕಿತ್ಸೆಯ ವೆಚ್ಚದ ಹೊರೆಯಿಂದ ರಕ್ಷಿಸುವ ಉದ್ದೇಶದಿಂದ ರೂಪುಗೊಂಡ ಯೋಜನೆ. ಇದು ಸದಸ್ಯರು ಕಟ್ಟುವ ವಾರ್ಷಿಕ ವಂತಿಗೆ ಮತ್ತು ರಾಜ್ಯ ಸರ್ಕಾರದ ಅನುದಾನ, ಇವೆರಡರ ಬಲದ ಮೇಲೆ ನಡೆಯುತ್ತದೆ. 2002ರ ನವೆಂಬರ್ 14ರಂದು ಉದ್ಘಾಟನೆಗೊಂಡ ಯೋಜನೆಯು 2003ರ ಜೂನ್ 1ರಿಂದ ಜಾರಿಗೆ ಬಂದಿತು. ತಲೆಗೆ ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60 ರೂಪಾಯಿ ಕಟ್ಟಿದ ರೈತನಿಗೆ ಹೃದಯದ ಶಸ್ತ್ರಚಿಕಿತ್ಸೆಯೂ ದೊರೆಯುತ್ತದೆ ಎಂಬ ಸಂಗತಿ ಆ ಕಾಲದಲ್ಲಿ ದೇಶದ ಹೊರಗೂ ಗಮನ ಸೆಳೆಯಿತು. 2018ರಲ್ಲಿ ಈ ಯೋಜನೆಯನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. ಸಹಕಾರಿ ವಲಯದ ಒತ್ತಾಯದ ನಂತರ 2022-23ನೆಯ ಸಾಲಿನಲ್ಲಿ ಪರಿಷ್ಕೃತ ರೂಪದಲ್ಲಿ ಮರುಜಾರಿಗೊಳಿಸಲಾಯಿತು.

ಜನಬಳಕೆಯಲ್ಲಿ ಇದನ್ನು 'ಯಶಸ್ವಿನಿ ವಿಮೆ' ಎಂದು ಕರೆಯುವುದುಂಟು. ಆದರೆ ಇದರ ಹಿಂದೆ ವಿಮಾ ಕಂಪನಿ ಇರಲಿಲ್ಲ. ಸದಸ್ಯರ ಹಣವನ್ನು ಒಂದು ಟ್ರಸ್ಟ್ ಸಂಗ್ರಹಿಸಿ, ಆಸ್ಪತ್ರೆಗಳಿಗೆ ತಾನೇ ಪಾವತಿಸುತ್ತಿತ್ತು. ನಷ್ಟವಾದರೆ ಭರಿಸಬೇಕಾದದ್ದೂ ಟ್ರಸ್ಟ್, ಅಂದರೆ ಪರೋಕ್ಷವಾಗಿ ಸರ್ಕಾರ. ಯೋಜನೆಯ ಸಾಧನೆಯನ್ನೂ ಅದು ಎದುರಿಸಿದ ಬಿಕ್ಕಟ್ಟುಗಳನ್ನೂ ಅರ್ಥಮಾಡಿಕೊಳ್ಳಲು ಈ ವ್ಯತ್ಯಾಸ ಮುಖ್ಯವಾದುದು.

ಹಿನ್ನೆಲೆ

ಭಾರತದಲ್ಲಿ ಚಿಕಿತ್ಸೆಯ ವೆಚ್ಚದ ಬಹುಪಾಲನ್ನು ರೋಗಿಯ ಕುಟುಂಬವೇ ಚಿಕಿತ್ಸೆಯ ಹೊತ್ತಿನಲ್ಲಿ ಕೈಯಿಂದ ಕೊಡುವ ಪದ್ಧತಿ ಬಹುಕಾಲದಿಂದ ಇದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2013-14ರಲ್ಲಿಯೂ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಹೀಗೆ ಜನರ ಜೇಬಿನಿಂದ ಹೋದ ಪಾಲು ಶೇ. 64.2ರಷ್ಟಿತ್ತು. 2021-22ರ ವೇಳೆಗೆ ಅದು ಶೇ. 39.4ಕ್ಕೆ ಇಳಿಯಿತು. ಯಶಸ್ವಿನಿ ಹುಟ್ಟಿದ ವರ್ಷವಾದ 2002ರಲ್ಲಿ ವಿಶ್ವಬ್ಯಾಂಕ್ ಪ್ರಕಟಿಸಿದ ಭಾರತದ ಆರೋಗ್ಯ ವ್ಯವಸ್ಥೆಯ ಅಧ್ಯಯನವು, ಆಸ್ಪತ್ರೆಗೆ ದಾಖಲಾದವರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿ ಸಾಲ ಮಾಡುತ್ತಾರೆ ಇಲ್ಲವೇ ಆಸ್ತಿ ಮಾರುತ್ತಾರೆ ಎಂದು ತಿಳಿಸಿತ್ತು.

ಸರ್ಕಾರಿ ನೌಕರರಿಗೆ ವೈದ್ಯಕೀಯ ವೆಚ್ಚದ ಮರುಪಾವತಿಯ ಸೌಲಭ್ಯವಿತ್ತು. ಕಾರ್ಖಾನೆಯ ಕಾರ್ಮಿಕರಿಗೆ 1948ರ ಕಾಯಿದೆಯ ಅಡಿಯಲ್ಲಿ ಕಾರ್ಮಿಕರ ರಾಜ್ಯ ವಿಮೆ ಇತ್ತು. ರೈತನಿಗೆ ಇವೆರಡೂ ಇರಲಿಲ್ಲ. ಅವನಿಗೆ ಸಂಬಳವಿಲ್ಲದ್ದರಿಂದ ಸಂಬಳದಿಂದ ಕಡಿತ ಮಾಡಿಕೊಳ್ಳುವ ಮಾರ್ಗವೂ ಇರಲಿಲ್ಲ. ಖಾಸಗಿ ವಿಮಾ ಕಂಪನಿಗಳ ದೃಷ್ಟಿಯಲ್ಲಿ ಹಳ್ಳಿಯ ಒಬ್ಬೊಬ್ಬ ಗ್ರಾಹಕನನ್ನು ಹುಡುಕಿ, ಅರ್ಜಿ ತುಂಬಿಸಿ, ಹಣ ವಸೂಲು ಮಾಡುವ ಖರ್ಚು ಅವನು ಕೊಡಬಲ್ಲ ಕಂತಿಗಿಂತ ಹೆಚ್ಚಾಗುತ್ತಿತ್ತು.

ರೈತನಿಗೆ ಇದ್ದ ಸಂಘಟಿತ ನೆಲೆಯೆಂದರೆ ಸಹಕಾರ ಸಂಘ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾದಂದಿನಿಂದ ರಾಜ್ಯದ ಹಳ್ಳಿಗಳಲ್ಲಿ ಪತ್ತಿನ ಸಂಘ, ಹಾಲು ಉತ್ಪಾದಕರ ಸಂಘ, ನೇಕಾರರ ಸಂಘ, ಸಕ್ಕರೆ ಕಾರ್ಖಾನೆಯ ಸಂಘಗಳು ಬೇರುಬಿಟ್ಟಿದ್ದವು. ಸಂಘದ ಬಳಿ ಸದಸ್ಯರ ಪಟ್ಟಿಯಿತ್ತು. ಕಾರ್ಯದರ್ಶಿಗೆ ಪ್ರತಿಯೊಬ್ಬರ ಮುಖಪರಿಚಯವಿತ್ತು. ಹಾಲಿನ ಹಣ, ಬೆಳೆಸಾಲ ಕೈಬದಲಾಗುವುದು ಅಲ್ಲಿಯೇ. ವಿಮಾ ಕಂಪನಿಯೊಂದು ಕೋಟ್ಯಂತರ ರೂಪಾಯಿ ವ್ಯಯಿಸಿ ಕಟ್ಟಬೇಕಾದ ಜಾಲ ಹೀಗೆ ಮೊದಲೇ ಸಿದ್ಧವಾಗಿತ್ತು.

ಸ್ಥಾಪನೆ

ಬೆಂಗಳೂರಿನ ಬೊಮ್ಮಸಂದ್ರದಲ್ಲಿರುವ ನಾರಾಯಣ ಹೃದಯಾಲಯದ ಸ್ಥಾಪಕ, ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಪ್ರಸಾದ್ ಶೆಟ್ಟಿ ಈ ಯೋಜನೆಯ ಮೂಲ ಪ್ರೇರಕರು. ರಾಜ್ಯದ ಸಹಕಾರ ಇಲಾಖೆ ಅದನ್ನು ಕಾರ್ಯರೂಪಕ್ಕೆ ತಂದಿತು. ಆಗ ಎಸ್. ಎಂ. ಕೃಷ್ಣ ಮುಖ್ಯಮಂತ್ರಿಗಳಾಗಿದ್ದರು. ಯಶಸ್ವಿನಿ ಸಹಕಾರಿ ರೈತರ ಆರೋಗ್ಯ ರಕ್ಷಣಾ ಟ್ರಸ್ಟ್ ಎಂಬ ನೋಂದಾಯಿತ ಸಂಸ್ಥೆಯನ್ನು ರಚಿಸಿ, ಆಡಳಿತದ ದೈನಂದಿನ ಕೆಲಸವನ್ನು, ಅಂದರೆ ಪೂರ್ವಾನುಮತಿ ನೀಡುವುದು, ಬಿಲ್ಲುಗಳನ್ನು ಪರಿಶೀಲಿಸುವುದು ಮೊದಲಾದವುಗಳನ್ನು, ಫ್ಯಾಮಿಲಿ ಹೆಲ್ತ್ ಪ್ಲಾನ್ ಲಿಮಿಟೆಡ್ ಎಂಬ ಮಧ್ಯವರ್ತಿ ಸಂಸ್ಥೆಗೆ ವಹಿಸಲಾಯಿತು.

ಮೊದಲ ವರ್ಷದಲ್ಲಿಯೇ ಸುಮಾರು 16 ಲಕ್ಷ ಜನ ನೋಂದಾಯಿಸಿಕೊಂಡರು. ಸದಸ್ಯತ್ವ ಸ್ವಯಂಪ್ರೇರಿತವೆಂದು ನಿಯಮದಲ್ಲಿ ಇದ್ದರೂ ಸಹಕಾರ ಇಲಾಖೆಯ ಆಡಳಿತಯಂತ್ರದ ಉತ್ಸಾಹವಿಲ್ಲದೆ ಅಷ್ಟು ಅಲ್ಪಕಾಲದಲ್ಲಿ ಅಷ್ಟು ದೊಡ್ಡ ಸಂಖ್ಯೆ ಸಾಧ್ಯವಾಗುತ್ತಿರಲಿಲ್ಲ. ಕೆಲವು ಸಂಘಗಳು ತಮ್ಮ ಸದಸ್ಯರ ವಂತಿಗೆಯನ್ನು ತಾವೇ ಭರಿಸಿದವು. ಈ ವಿವರಕ್ಕೆ ಮುಂದೆ ಮಹತ್ವ ಬರುತ್ತದೆ.

ಯೋಜನೆಯ ಸ್ವರೂಪ

ಮೂಲ ಯೋಜನೆಯಲ್ಲಿ 1,600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳು ಸೇರಿದ್ದವು. ಒಂದು ಶಸ್ತ್ರಚಿಕಿತ್ಸೆಗೆ ಗರಿಷ್ಠ 1 ಲಕ್ಷ ರೂಪಾಯಿ, ಒಂದು ವರ್ಷದಲ್ಲಿ ಒಬ್ಬ ಸದಸ್ಯನಿಗೆ ಗರಿಷ್ಠ 2 ಲಕ್ಷ ರೂಪಾಯಿ ಮಿತಿಯಿತ್ತು. 75 ವರ್ಷದವರೆಗಿನವರು ಸೇರಬಹುದಾಗಿತ್ತು. ಸದಸ್ಯತ್ವದ ಕಾರ್ಡನ್ನು ತೋರಿಸಿದರೆ ರೋಗಿಯು ಹಣ ಕಟ್ಟದೆಯೇ ಚಿಕಿತ್ಸೆ ದೊರೆಯುತ್ತಿತ್ತು. ಆಸ್ಪತ್ರೆಗೆ ಟ್ರಸ್ಟ್ ನೇರವಾಗಿ ಪಾವತಿಸುತ್ತಿತ್ತು. ಮೊದಲು ಕಟ್ಟಿ ಆಮೇಲೆ ಹಿಂಪಡೆಯುವ ಮರುಪಾವತಿಯ ವಿಧಾನವನ್ನು ಆರಿಸಿದ್ದರೆ, ಮೊದಲು ಕಟ್ಟಲು ಹಣವಿಲ್ಲದವರಿಗೆ ಯೋಜನೆ ಕಾಗದದ ಮೇಲಷ್ಟೇ ಉಳಿಯುತ್ತಿತ್ತು. ಜಾಲದ ಆಸ್ಪತ್ರೆಗಳಲ್ಲಿ ಹೊರರೋಗಿ ತಪಾಸಣೆ ಉಚಿತವಾಗಿತ್ತು, ಪರೀಕ್ಷೆಗಳಿಗೆ ರಿಯಾಯಿತಿ ಇತ್ತು.

ಶಸ್ತ್ರಚಿಕಿತ್ಸೆಯಲ್ಲದ ಕೆಲವು ತುರ್ತುಗಳನ್ನೂ ಸೇರಿಸಲಾಗಿತ್ತು: ಹಾವು ಕಡಿತ, ನಾಯಿ ಕಡಿತ, ಎತ್ತು ಹಾಯ್ದ ಗಾಯ, ನೀರಿನಲ್ಲಿ ಮುಳುಗುವುದು, ವಿದ್ಯುತ್ ಆಘಾತ, ಕೃಷಿ ಉಪಕರಣಗಳಿಂದಾಗುವ ಅಪಘಾತ. ಸಹಜ ಹೆರಿಗೆ ಮತ್ತು ನವಜಾತ ಶಿಶುವಿನ ಆರೈಕೆಯೂ ಇದ್ದವು. ನಗರದ ವಿಮಾ ಪಾಲಿಸಿಯೊಂದರಲ್ಲಿ ಎತ್ತಿನ ಕೊಂಬಿನ ಗಾಯಕ್ಕೆ ಪ್ರತ್ಯೇಕ ನಮೂದು ಕಾಣುವುದು ವಿರಳ. ಈ ಪಟ್ಟಿಯನ್ನು ಬರೆದವರಿಗೆ ಹೊಲದ ಪರಿಚಯವಿತ್ತೆಂಬುದು ಸ್ಪಷ್ಟ.

ಹೊರಗುಳಿದವುಗಳ ಪಟ್ಟಿಯೂ ದೀರ್ಘವಾಗಿತ್ತು. ಅಂಗಾಂಗ ಕಸಿ, ಕೀಲು ಬದಲಾವಣೆ, ಕೀಮೊಥೆರಪಿ, ಸೌಂದರ್ಯವರ್ಧಕ ಶಸ್ತ್ರಚಿಕಿತ್ಸೆ ಇವು ಅದರಲ್ಲಿದ್ದವು. ಇವೆಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಸಾಮಾನ್ಯ ಕಾಯಿಲೆಯದು. ಜ್ವರ, ಕ್ಷಯ, ಮಧುಮೇಹ, ರಕ್ತದೊತ್ತಡ ಇತ್ಯಾದಿಗಳ ಔಷಧದ ವೆಚ್ಚ, ಶಸ್ತ್ರಚಿಕಿತ್ಸೆಯಿಲ್ಲದ ದಾಖಲಾತಿ ಇವಾವುವೂ ಸೇರಿರಲಿಲ್ಲ. ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಕುಟುಂಬವನ್ನು ಸೋರಿಸುವ ಖರ್ಚು ಇದೇ. ಆದರೆ ಯೋಜಕರ ಆಯ್ಕೆಗೆ ಆರ್ಥಿಕ ತರ್ಕವಿತ್ತು. ವಿಮೆಯು ಸಮರ್ಥವಾಗಿ ಕೆಲಸ ಮಾಡುವುದು ಅಪರೂಪವಾಗಿ ಬಂದು ಭಾರಿ ನಷ್ಟ ಉಂಟುಮಾಡುವ ಘಟನೆಗಳಲ್ಲಿ. ಎಲ್ಲರಿಗೂ ಆಗಾಗ ಬರುವ ಖರ್ಚನ್ನು ವಿಮೆಗೆ ಒಪ್ಪಿಸಿದರೆ ಪ್ರತಿಯೊಬ್ಬನೂ ತನ್ನ ಖರ್ಚನ್ನೇ ಕಂತಿನ ರೂಪದಲ್ಲಿ, ಆಡಳಿತ ವೆಚ್ಚವನ್ನೂ ಸೇರಿಸಿ, ಕಟ್ಟಿದಂತಾಗುತ್ತದೆ. ಜೊತೆಗೆ, ಶಸ್ತ್ರಚಿಕಿತ್ಸೆ ನಡೆದಿದೆಯೋ ಇಲ್ಲವೋ ಎಂಬುದನ್ನು ಪರಿಶೀಲಿಸುವುದು ಸುಲಭ. ಜ್ವರ ಬಂದಿತ್ತೇ ಎಂಬುದನ್ನು ಪರಿಶೀಲಿಸುವುದು ಕಷ್ಟ.

ಐದು ರೂಪಾಯಿಯ ಲೆಕ್ಕ

ತಿಂಗಳಿಗೆ 5 ರೂಪಾಯಿಯಲ್ಲಿ ಲಕ್ಷ ರೂಪಾಯಿಯ ಚಿಕಿತ್ಸೆ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಉತ್ತರ ಎರಡು ಭಾಗಗಳಲ್ಲಿದೆ.

ಮೊದಲನೆಯದು ಸಂಭವನೀಯತೆ. ಆರಂಭದ ವರ್ಷದಲ್ಲಿ 16 ಲಕ್ಷ ಸದಸ್ಯರ ಪೈಕಿ ಶಸ್ತ್ರಚಿಕಿತ್ಸೆಗೆ ಒಳಗಾದವರು ಸುಮಾರು 9 ಸಾವಿರ. ಅಂದರೆ ಸಾವಿರ ಮಂದಿಯಲ್ಲಿ ಆರು ಮಂದಿಗೂ ಕಡಿಮೆ. ಈ ಚಿಕಿತ್ಸೆಗಳಿಗೆ ಆಸ್ಪತ್ರೆಗಳಿಗೆ ಪಾವತಿಯಾದ ಮೊತ್ತ ಸುಮಾರು 10.6 ಕೋಟಿ ರೂಪಾಯಿ. ಒಂದು ಶಸ್ತ್ರಚಿಕಿತ್ಸೆಗೆ ಸರಾಸರಿ 12 ಸಾವಿರಕ್ಕೆ ಸಮೀಪ. ಈ ಮೊತ್ತವನ್ನು ಎಲ್ಲ ಸದಸ್ಯರ ಮೇಲೆ ಹಂಚಿದರೆ ತಲೆಗೆ ಸುಮಾರು 66 ರೂಪಾಯಿ ಬರುತ್ತದೆ. ವಂತಿಗೆ 60 ರೂಪಾಯಿ. ಸದಸ್ಯರಿಂದ ಬಂದದ್ದು ಸುಮಾರು 9.5 ಕೋಟಿ, ಸರ್ಕಾರ 4.5 ಕೋಟಿ ನೀಡಿತು. ಆದ್ದರಿಂದ 'ಐದು ರೂಪಾಯಿಯ ವಿಮೆ' ಎಂಬ ಪ್ರಸಿದ್ಧ ಹೆಸರು ಮೊದಲ ವರ್ಷದಲ್ಲಿಯೂ ಪೂರ್ಣ ಸತ್ಯವಾಗಿರಲಿಲ್ಲ, ಆದರೂ ಸತ್ಯಕ್ಕೆ ಬಹಳ ಹತ್ತಿರದಲ್ಲಿತ್ತು.

ಎರಡನೆಯದು ದರ. ಖಾಸಗಿ ಆಸ್ಪತ್ರೆಯ ವೆಚ್ಚದ ದೊಡ್ಡ ಪಾಲು ಕಟ್ಟಡ, ಯಂತ್ರೋಪಕರಣ, ಸಿಬ್ಬಂದಿಯ ಸಂಬಳ ಮುಂತಾದ ಸ್ಥಿರ ವೆಚ್ಚ. ಹಾಸಿಗೆ ಖಾಲಿ ಇದ್ದರೂ ಅದು ತಪ್ಪುವುದಿಲ್ಲ. ಹೀಗಿರುವಾಗ ಒಬ್ಬ ಹೆಚ್ಚುವರಿ ರೋಗಿಗಾಗಿ ತಗಲುವ ಖರ್ಚು, ಅಂದರೆ ಅರ್ಥಶಾಸ್ತ್ರಜ್ಞರು ಹೇಳುವ ಸೀಮಾಂತ ವೆಚ್ಚ, ಔಷಧ, ಹೊಲಿಗೆದಾರ, ಊಟ ಮುಂತಾದವುಗಳಿಗೆ ಸೀಮಿತವಾಗಿರುತ್ತದೆ. ಖಾಲಿ ಹಾಸಿಗೆಗಳುಳ್ಳ ಆಸ್ಪತ್ರೆಯು ತನ್ನ ಮಾಮೂಲಿ ದರಕ್ಕಿಂತ ಬಹಳ ಕಡಿಮೆ ದರಕ್ಕೂ ಒಪ್ಪಬಲ್ಲದು. ಸೀಮಾಂತ ವೆಚ್ಚಕ್ಕಿಂತ ಒಂದು ರೂಪಾಯಿ ಹೆಚ್ಚು ಸಿಕ್ಕರೂ ಅದಕ್ಕೆ ಲಾಭವೇ. ಲಕ್ಷಾಂತರ ಸದಸ್ಯರ ಪರವಾಗಿ ಒಬ್ಬನೇ ಖರೀದಿದಾರನಂತೆ ಮಾತುಕತೆಗೆ ಕುಳಿತ ಟ್ರಸ್ಟ್‌ಗೆ ಒಂಟಿ ರೋಗಿಗೆ ಎಂದೂ ಇಲ್ಲದ ಚೌಕಾಸಿಯ ಬಲ ದೊರೆಯಿತು. ನಾರಾಯಣ ಹೃದಯಾಲಯ ಮತ್ತು ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆಗಳು ಹೆಚ್ಚು ಸಂಖ್ಯೆಯ ಶಸ್ತ್ರಚಿಕಿತ್ಸೆಗಳಿಂದ ಒಂದೊಂದರ ವೆಚ್ಚವನ್ನು ತಗ್ಗಿಸಬಹುದೆಂದು ತೋರಿಸಿದ್ದವು. ಯಶಸ್ವಿನಿಯ ಕಲ್ಪನೆಯ ಹಿಂದೆ ಇದೇ ಅನುಭವವಿತ್ತು.

ಈ ತರ್ಕಕ್ಕೆ ಒಂದು ಮಿತಿಯಿದೆ. ಹಾಸಿಗೆಗಳು ತುಂಬಿದ ಮೇಲೆ ಅದು ಅನ್ವಯಿಸುವುದಿಲ್ಲ. ಪೂರ್ಣ ದರ ಕೊಡುವ ರೋಗಿ ಬಾಗಿಲಲ್ಲಿ ನಿಂತಿರುವಾಗ ಯಶಸ್ವಿನಿಯ ರೋಗಿಯನ್ನು ದಾಖಲಿಸಿಕೊಳ್ಳುವುದು ಆಸ್ಪತ್ರೆಗೆ ನಷ್ಟವಾಗಿ ತೋರುತ್ತದೆ.

ವಂತಿಗೆಯ ಏರಿಕೆ, ಸದಸ್ಯತ್ವದ ಇಳಿಕೆ

ಎರಡನೆಯ ವರ್ಷ, 2004-05ರಲ್ಲಿ, ಸದಸ್ಯರ ಸಂಖ್ಯೆ ಸುಮಾರು 21 ಲಕ್ಷಕ್ಕೆ ಏರಿತು. ಶಸ್ತ್ರಚಿಕಿತ್ಸೆಗಳು 15 ಸಾವಿರ ದಾಟಿದವು. ಪಾವತಿಯ ಮೊತ್ತ ಸುಮಾರು 18.5 ಕೋಟಿಗೆ ತಲುಪಿ, ಸದಸ್ಯರ ವಂತಿಗೆ ಮತ್ತು ಸರ್ಕಾರದ ಅನುದಾನ ಎರಡನ್ನೂ ಕೂಡಿದ ಮೊತ್ತವನ್ನು ಮೀರಿತು. 2005-06ರಲ್ಲಿ ವಂತಿಗೆಯನ್ನು ದುಪ್ಪಟ್ಟುಗೊಳಿಸಿ 120 ರೂಪಾಯಿ ಮಾಡಲಾಯಿತು. ಸದಸ್ಯರ ಸಂಖ್ಯೆ 15 ಲಕ್ಷಕ್ಕಿಂತ ಕೆಳಗೆ ಕುಸಿಯಿತು.

ಐದು ಮಂದಿಯ ಕುಟುಂಬಕ್ಕೆ ವಾರ್ಷಿಕ ಹೊರೆ 300ರಿಂದ 600 ರೂಪಾಯಿಗೆ ಏರಿದಂತಾಯಿತು. ವರ್ಷದಲ್ಲಿ ಒಮ್ಮೆ, ನೋಂದಣಿಯ ಅವಧಿಯಲ್ಲಿ, ಒಟ್ಟಿಗೆ ಕಟ್ಟಬೇಕಾದ ಹಣ ಅದು. ತಿಂಗಳಿಗೆ ಇಷ್ಟೆಂದು ಹೇಳುವುದು ಲೆಕ್ಕದ ಅನುಕೂಲ ಮಾತ್ರ. ಸದಸ್ಯತ್ವದಲ್ಲಿ ಹೀಗೆ ಸುಮಾರು ಆರು ಲಕ್ಷದಷ್ಟು ಇಳಿಕೆಯಾದರೂ ವಂತಿಗೆಯ ಒಟ್ಟು ಮೊತ್ತ ಇಳಿಯದೆ, ಸುಮಾರು 13 ಕೋಟಿಯಿಂದ 17 ಕೋಟಿಯ ಸಮೀಪಕ್ಕೆ ಏರಿತು. ಬರಿಯ ಜಮಾಪುಸ್ತಕವನ್ನು ನೋಡುವವರಿಗೆ ಇದು ಯಶಸ್ಸಾಗಿ ಕಾಣುತ್ತದೆ. ಆದರೆ ಅದೇ ವರ್ಷ ಶಸ್ತ್ರಚಿಕಿತ್ಸೆಗಳ ಸಂಖ್ಯೆ 19,600ನ್ನು ದಾಟಿತು. ಸದಸ್ಯರು ಕಡಿಮೆಯಾದರು, ಚಿಕಿತ್ಸೆ ಹೆಚ್ಚಾಯಿತು. ಸಾವಿರ ಸದಸ್ಯರಿಗೆ ಏಳರಷ್ಟಿದ್ದ ಶಸ್ತ್ರಚಿಕಿತ್ಸೆಯ ಪ್ರಮಾಣ ಒಂದೇ ವರ್ಷದಲ್ಲಿ ಹದಿಮೂರನ್ನು ಮೀರಿತು.

ಅರ್ಥಶಾಸ್ತ್ರದಲ್ಲಿ ಇದಕ್ಕೆ 'ಪ್ರತಿಕೂಲ ಆಯ್ಕೆ' ಎಂಬ ಹೆಸರಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೊ 1963ರಲ್ಲಿ ಪ್ರಕಟಿಸಿದ, ಆರೋಗ್ಯ ಅರ್ಥಶಾಸ್ತ್ರಕ್ಕೆ ಬುನಾದಿಯೆನಿಸಿದ ಲೇಖನವು ವೈದ್ಯಕೀಯ ಸೇವೆಯ ಮಾರುಕಟ್ಟೆಯ ತೊಡಕುಗಳಿಗೆ ಅನಿಶ್ಚಿತತೆ ಮತ್ತು ಮಾಹಿತಿಯ ಅಸಮಾನತೆಯೇ ಮೂಲವೆಂದು ಗುರುತಿಸಿತ್ತು. ತನಗೆ ಅಂಡವಾಯು ಇದೆ, ಕಣ್ಣಿಗೆ ಪೊರೆ ಬಂದಿದೆ ಎಂದು ತಿಳಿದವನಿಗೆ 120 ರೂಪಾಯಿ ಅಗ್ಗ. ಆರೋಗ್ಯವಾಗಿರುವವನಿಗೆ, ಮಳೆ ಕೈಕೊಟ್ಟ ವರ್ಷದಲ್ಲಿ, ಅದು ದುಬಾರಿ. ದರ ಏರಿದಾಗ ಮೊದಲು ಹೊರನಡೆಯುವವನು ಆರೋಗ್ಯವಂತ. ಉಳಿದವರ ಸರಾಸರಿ ವೆಚ್ಚ ಏರುತ್ತದೆ. ಅದನ್ನು ಸರಿದೂಗಿಸಲು ದರವನ್ನು ಮತ್ತೆ ಏರಿಸಿದರೆ ಇನ್ನಷ್ಟು ಆರೋಗ್ಯವಂತರು ಹೊರಡುತ್ತಾರೆ. ಮೊದಲ ಎರಡು ವರ್ಷ ಈ ತೊಂದರೆ ಅಷ್ಟಾಗಿ ಕಾಣಿಸದಿರಲು ಸಂಘವೇ ಗುಂಪಾಗಿ ಸೇರಿಸುತ್ತಿದ್ದುದು ಮುಖ್ಯ ಕಾರಣ. ಕಾರ್ಯದರ್ಶಿಯು ಪಟ್ಟಿಯಲ್ಲಿದ್ದವರನ್ನೆಲ್ಲ ನೋಂದಾಯಿಸಿದಾಗ ಆರೋಗ್ಯವಂತನೂ ರೋಗಿಯೂ ಒಟ್ಟಿಗೆ ಬರುತ್ತಾರೆ.

ಆದರೆ ಪ್ರತಿಕೂಲ ಆಯ್ಕೆಯೊಂದೇ ಪೂರ್ಣ ವಿವರಣೆಯಾಗಲಾರದು. 2006-07ರಲ್ಲಿ ಸದಸ್ಯರ ಸಂಖ್ಯೆ ಸುಮಾರು 18.5 ಲಕ್ಷಕ್ಕೆ ಚೇತರಿಸಿಕೊಂಡಿತು, ಎಂದರೆ ಹೊರಗೆ ಹೋದವರಲ್ಲಿ ಹಲವರಾದರೂ ಮರಳಿರಬೇಕು. ಆ ತರ್ಕದಂತೆ ಚಿಕಿತ್ಸೆಯ ಪ್ರಮಾಣ ಇಳಿಯಬೇಕಾಗಿತ್ತು. ಬದಲಾಗಿ ಶಸ್ತ್ರಚಿಕಿತ್ಸೆಗಳು ಸುಮಾರು 39,600ಕ್ಕೆ ಏರಿದವು, ಸಾವಿರಕ್ಕೆ ಇಪ್ಪತ್ತೊಂದು. ಇದಕ್ಕೆ ಒಳ್ಳೆಯ ಕಾರಣವೂ ಕೆಟ್ಟ ಕಾರಣವೂ ಇರಬಹುದು. ವರ್ಷಗಟ್ಟಲೆ ನೋವನ್ನು ನುಂಗಿಕೊಂಡಿದ್ದ ಹಳ್ಳಿಗರು ನೆರೆಯವರು ಗುಣವಾಗಿ ಮರಳಿದ್ದನ್ನು ಕಂಡು ಧೈರ್ಯ ತಾಳಿ ಆಸ್ಪತ್ರೆಗೆ ಹೋದದ್ದು ಒಳ್ಳೆಯ ಕಾರಣ; ಯೋಜನೆಯ ಉದ್ದೇಶವೇ ಅದು. ಹಣ ಬರುವುದು ಖಚಿತವೆಂದಾದ ಮೇಲೆ ಆಸ್ಪತ್ರೆಗಳು ಅಗತ್ಯವಿಲ್ಲದ ಶಸ್ತ್ರಚಿಕಿತ್ಸೆಗೂ ಸಲಹೆ ನೀಡುವುದು ಕೆಟ್ಟ ಕಾರಣ. ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದರೆ ಇವೆರಡೂ ಒಂದೇ ರೀತಿ ಕಾಣುತ್ತವೆ.

ಗಮನಾರ್ಹವಾದ ಇನ್ನೊಂದು ಅಂಶವೆಂದರೆ ಈ ಅವಧಿಯಲ್ಲಿ ಒಂದು ಶಸ್ತ್ರಚಿಕಿತ್ಸೆಯ ಸರಾಸರಿ ವೆಚ್ಚ ಹೆಚ್ಚಲಿಲ್ಲ. ಮೊದಲ ವರ್ಷ 12 ಸಾವಿರದ ಸಮೀಪವಿದ್ದದ್ದು 2005-06ರಲ್ಲಿ 13 ಸಾವಿರಕ್ಕೆ ಏರಿ, ಮರುವರ್ಷ 10 ಸಾವಿರಕ್ಕಿಂತ ಕೆಳಗೆ ಬಂದಿತು. ಯೋಜನೆಯ ವೆಚ್ಚವನ್ನು ಹೆಚ್ಚಿಸಿದ್ದು ದರವಲ್ಲ, ಸಂಖ್ಯೆ. ಸದಸ್ಯನೊಬ್ಬನಿಗೆ ತಗಲುತ್ತಿದ್ದ ಚಿಕಿತ್ಸಾ ವೆಚ್ಚ ಮೂರು ವರ್ಷಗಳಲ್ಲಿ 66 ರೂಪಾಯಿಯಿಂದ 200 ರೂಪಾಯಿಯ ಆಚೆಗೆ ಹೋಯಿತು. ವಂತಿಗೆ 120ರಲ್ಲಿಯೇ ಉಳಿದದ್ದರಿಂದ ಅಂತರವನ್ನು ಸರ್ಕಾರ ತುಂಬಬೇಕಾಯಿತು. ಮೊದಲ ವರ್ಷ ಟ್ರಸ್ಟ್‌ಗೆ ಬಂದ ಹಣದಲ್ಲಿ ಮೂರನೆಯ ಒಂದು ಭಾಗದಷ್ಟಿದ್ದ ಸರ್ಕಾರದ ಪಾಲು 2006-07ರ ವೇಳೆಗೆ ಹೆಚ್ಚುಕಡಿಮೆ ಅರ್ಧದಷ್ಟಾಗಿತ್ತು. ಸ್ವಾವಲಂಬಿ ಯೋಜನೆಯೆಂದು ಹೊರಟದ್ದು ಹೀಗೆ ಸಹಾಯಧನದ ಯೋಜನೆಯಾಗಿ ಬದಲಾಯಿತು. 2008-09ರಲ್ಲಿ ಸದಸ್ಯರ ಸಂಖ್ಯೆ 30 ಲಕ್ಷವನ್ನು ದಾಟಿತು.

ಆಸ್ಪತ್ರೆಗಳು ಮತ್ತು ನಿಗದಿತ ದರ

ಯಶಸ್ವಿನಿಯಲ್ಲಿ ಪ್ರತಿ ಶಸ್ತ್ರಚಿಕಿತ್ಸೆಗೂ ಮೊದಲೇ ನಿಗದಿಯಾದ ಪ್ಯಾಕೇಜ್ ದರವಿತ್ತು. ಹಾಸಿಗೆ ಬಾಡಿಗೆ, ವೈದ್ಯರ ಶುಲ್ಕ, ಅರಿವಳಿಕೆ, ಔಷಧ ಎಲ್ಲವೂ ಆ ದರದೊಳಗೆ. ಅಮೆರಿಕದ ಮೆಡಿಕೇರ್ ಯೋಜನೆಯು 1983ರಿಂದ ರೋಗವರ್ಗಗಳಿಗೆ ಅನುಗುಣವಾಗಿ ಮುಂಗಡವಾಗಿ ನಿಗದಿಪಡಿಸಿದ ದರ ನೀಡಲಾರಂಭಿಸಿದ್ದು ಇದೇ ತತ್ತ್ವದ ಮೇಲೆ. ಬಿಲ್ಲಿನ ಪ್ರಕಾರ ಪಾವತಿಸಿದರೆ ಆಸ್ಪತ್ರೆಗೆ ಬಿಲ್ಲನ್ನು ಉದ್ದ ಮಾಡುವ ಆಸೆ ಹುಟ್ಟುತ್ತದೆ. ನಿಗದಿತ ದರದಲ್ಲಿ ಒಂದು ದಿನ ಹೆಚ್ಚು ಉಳಿಸಿಕೊಂಡರೆ ನಷ್ಟ ಆಸ್ಪತ್ರೆಗೇ. ಆದ್ದರಿಂದ ಅದು ಮಿತವ್ಯಯವನ್ನು ಕಲಿಯುತ್ತದೆ.

ಅದೇ ಏರ್ಪಾಟು ಬೇರೆ ಆಸೆಗಳನ್ನೂ ಹುಟ್ಟಿಸುತ್ತದೆ. ಒಂದೇ ಶಸ್ತ್ರಚಿಕಿತ್ಸೆಗೆ ಬರುವ ಇಬ್ಬರಲ್ಲಿ ಮಧುಮೇಹವಿರುವ ವೃದ್ಧನಿಗೆ ಖರ್ಚು ಹೆಚ್ಚು, ಯುವಕನಿಗೆ ಕಡಿಮೆ. ದರ ಇಬ್ಬರಿಗೂ ಒಂದೇ. ವೃದ್ಧನಿಗೆ 'ಹಾಸಿಗೆ ಖಾಲಿಯಿಲ್ಲ' ಎಂಬ ಉತ್ತರ ಸಿಗುವ ಸಂಭವ ಹೆಚ್ಚುತ್ತದೆ. ಪ್ಯಾಕೇಜಿನಲ್ಲಿ ಸೇರಿದ ಔಷಧವನ್ನೇ ಹೊರಗಿನಿಂದ ತರಲು ಹೇಳುವುದು, ಬೇಗನೆ ಮನೆಗೆ ಕಳಿಸುವುದು ಇತರ ದಾರಿಗಳು. ಪೂರ್ವಾನುಮತಿಯ ಪದ್ಧತಿ ಶಸ್ತ್ರಚಿಕಿತ್ಸೆಯ ಅಗತ್ಯವನ್ನು ಕಾಗದದ ಮೇಲೆ ಪರಿಶೀಲಿಸುತ್ತದೆ. ಚಿಕಿತ್ಸೆಯ ಗುಣಮಟ್ಟವನ್ನು ಅಳೆಯುವುದಿಲ್ಲ. ಯಾವ ಆಸ್ಪತ್ರೆಯಲ್ಲಿ ಎಷ್ಟು ಮಂದಿಗೆ ಸೋಂಕು ತಗುಲಿತು, ಎಷ್ಟು ಮಂದಿ ತಿಂಗಳೊಳಗೆ ಮತ್ತೆ ದಾಖಲಾದರು ಎಂಬ ತುಲನಾತ್ಮಕ ಮಾಹಿತಿ ಕೈಯಲ್ಲಿಲ್ಲದ ರೋಗಿಯು ಆಸ್ಪತ್ರೆಯನ್ನು ಆರಿಸುವುದು ಪರಿಚಿತರ ಮಾತಿನ ಮೇಲೆ ಮತ್ತು ಬಸ್ಸಿನ ಅನುಕೂಲದ ಮೇಲೆ.

ಅನಗತ್ಯ ಶಸ್ತ್ರಚಿಕಿತ್ಸೆಯ ಭೀತಿ ಕಾಲ್ಪನಿಕವಲ್ಲ. ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಅಡಿಯಲ್ಲಿ ಬಿಹಾರ ಮತ್ತು ಛತ್ತೀಸ್‌ಗಢಗಳಲ್ಲಿ ಬಡ ಮಹಿಳೆಯರಿಗೆ ಕಾರಣವಿಲ್ಲದೆ ಗರ್ಭಕೋಶ ತೆಗೆದ ಆರೋಪಗಳು 2012ರಲ್ಲಿ ಬೆಳಕಿಗೆ ಬಂದು ತನಿಖೆಗಳು ನಡೆದವು. ಅಲ್ಲಿಯೂ ನಿಗದಿತ ದರ, ನಗದುರಹಿತ ಚಿಕಿತ್ಸೆ, ಖಾಸಗಿ ಆಸ್ಪತ್ರೆಗಳ ಜಾಲ ಇದ್ದವು. ರೋಗಿಗೆ ವೆಚ್ಚವಿಲ್ಲವಾದ್ದರಿಂದ ಪ್ರಶ್ನಿಸುವ ಕಾರಣವಿರಲಿಲ್ಲ, ಪ್ರಶ್ನಿಸುವಷ್ಟು ತಿಳಿವಳಿಕೆಯನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ಜಾಲದ ಆಸ್ಪತ್ರೆಗಳ ಹಂಚಿಕೆಯೂ ಸಮವಾಗಿರಲಿಲ್ಲ. ದೊಡ್ಡ ಆಸ್ಪತ್ರೆಗಳು ಬೆಂಗಳೂರು, ಮೈಸೂರು, ಮಂಗಳೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ದಾವಣಗೆರೆಯಂತಹ ನಗರಗಳಲ್ಲಿ ಕೇಂದ್ರೀಕೃತವಾಗಿವೆ. ಮಂಗಳೂರಿನ ಸಮೀಪದ ಸದಸ್ಯನೂ ಬೀದರ್ ಜಿಲ್ಲೆಯ ಸದಸ್ಯನೂ ಕಟ್ಟುವ ವಂತಿಗೆ ಒಂದೇ. ಎರಡನೆಯವನು ಹೃದಯದ ಶಸ್ತ್ರಚಿಕಿತ್ಸೆಗಾಗಿ ರೈಲು ಹತ್ತಿ ರಾತ್ರಿಯಿಡೀ ಪ್ರಯಾಣಿಸಬೇಕು. ಜೊತೆಗೆ ಬರುವವರ ಊಟ, ವಸತಿ, ಕಳೆದುಹೋದ ಕೂಲಿ ಯೋಜನೆಯ ಲೆಕ್ಕಕ್ಕೆ ಸೇರುವುದಿಲ್ಲ.

ಪರಿಣಾಮದ ಅಧ್ಯಯನಗಳು

ಯಶಸ್ವಿನಿಯ ಪರಿಣಾಮವನ್ನು ಕುರಿತು ಅರ್ಥಶಾಸ್ತ್ರಜ್ಞೆ ಆರಾಧನಾ ಅಗರ್‌ವಾಲ್ ನಡೆಸಿದ ಅಧ್ಯಯನ 2010ರಲ್ಲಿ 'ಹೆಲ್ತ್ ಎಕನಾಮಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗ್ರಾಮೀಣ ಕರ್ನಾಟಕದ 4,109 ಕುಟುಂಬಗಳ ಮಾಹಿತಿಯನ್ನು ಆಧರಿಸಿದ ಈ ಅಧ್ಯಯನದಲ್ಲಿ, ಸದಸ್ಯ ಕುಟುಂಬಗಳನ್ನು ಅವುಗಳಂತೆಯೇ ಇರುವ ಸದಸ್ಯರಲ್ಲದ ಕುಟುಂಬಗಳೊಂದಿಗೆ ಜೋಡಿಸಿ ಹೋಲಿಸಲಾಯಿತು. ಯೋಜನೆಯಿಂದ ಆರೋಗ್ಯ ಸೇವೆಯ ಬಳಕೆ ಹೆಚ್ಚಿದೆ, ಕೈಯಿಂದ ಮಾಡುವ ಖರ್ಚು ತಗ್ಗಿದೆ ಎಂಬುದು ಅದರ ತೀರ್ಮಾನ. ಆದರೆ ಪ್ರಯೋಜನ ಎಲ್ಲ ಆರ್ಥಿಕ ವರ್ಗಗಳಿಗೂ ಎಲ್ಲ ಬಗೆಯ ಕಾಯಿಲೆಗೂ ಒಂದೇ ಪ್ರಮಾಣದಲ್ಲಿ ದೊರೆತಿರಲಿಲ್ಲ.

ಹೋಲಿಕೆಗೆ ಉಪಯುಕ್ತವಾದುದು ರಾಜ್ಯ ಸರ್ಕಾರ 2010ರ ಫೆಬ್ರುವರಿಯಲ್ಲಿ ಕಲಬುರಗಿ ವಿಭಾಗದಲ್ಲಿ ಮೊದಲು ಜಾರಿಗೊಳಿಸಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ. ಅದರಲ್ಲಿ ವಂತಿಗೆಯೂ ಇಲ್ಲ, ನೋಂದಣಿಯೂ ಇಲ್ಲ. ಬಡತನ ರೇಖೆಯ ಕೆಳಗಿನ ಕುಟುಂಬದ ಪಡಿತರ ಚೀಟಿಯೇ ಅರ್ಹತೆ. ಎಲ್ಲರೂ ತಾವಾಗಿಯೇ ಒಳಗಿರುವುದರಿಂದ ಪ್ರತಿಕೂಲ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ರೋಗ, ಸುಟ್ಟಗಾಯ ಮೊದಲಾದ ದುಬಾರಿ ಚಿಕಿತ್ಸೆಗಳಿಗೆ ಅದು ಸೀಮಿತವಾಗಿತ್ತು. ಯೋಜನೆ ಜಾರಿಯಾದ 300 ಹಳ್ಳಿಗಳನ್ನೂ ಇನ್ನೂ ಜಾರಿಯಾಗದ ಪಕ್ಕದ 272 ಹಳ್ಳಿಗಳನ್ನೂ ಹೋಲಿಸಿದ ನೀರಜ್ ಸೂದ್ ಮತ್ತು ಸಂಗಡಿಗರ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅರ್ಹ ಬಡ ಕುಟುಂಬಗಳಲ್ಲಿ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಸಂಭವಿಸಿದ ಸಾವಿನ ಪ್ರಮಾಣ ಜಾರಿಯಾದ ಹಳ್ಳಿಗಳಲ್ಲಿ ಶೇ. 0.32, ಜಾರಿಯಾಗದ ಹಳ್ಳಿಗಳಲ್ಲಿ ಶೇ. 0.90. ಯೋಜನೆಗೆ ಅರ್ಹವಲ್ಲದ, ಬಡತನ ರೇಖೆಯ ಮೇಲಿನ ಕುಟುಂಬಗಳಲ್ಲಿ ಎರಡೂ ಕಡೆ ಇಂತಹ ವ್ಯತ್ಯಾಸ ಕಾಣಲಿಲ್ಲ. ಆಸ್ಪತ್ರೆಗಾಗಿ ಕೈಯಿಂದ ಮಾಡುವ ವೆಚ್ಚವೂ ಶೇ. 34ರಷ್ಟು ತಗ್ಗಿತ್ತು. ಜನರ ಹಣ ಉಳಿಸುವುದನ್ನು ಹಲವು ವಿಮಾ ಯೋಜನೆಗಳು ತೋರಿಸಿವೆ. ಜೀವ ಉಳಿಸಿದ್ದಕ್ಕೆ ಇಷ್ಟು ಸ್ಪಷ್ಟ ಸಾಕ್ಷ್ಯ ವಿರಳ.

ವಿಲೀನ ಮತ್ತು ಮರುಜಾರಿ

ರಾಜ್ಯದಲ್ಲಿ ಬೇರೆ ಬೇರೆ ಇಲಾಖೆಗಳ ಅಡಿಯಲ್ಲಿ ಹಲವು ಆರೋಗ್ಯ ಯೋಜನೆಗಳು ಏಕಕಾಲದಲ್ಲಿ ನಡೆಯುತ್ತಿದ್ದವು. ಇವುಗಳನ್ನು ಒಂದುಗೂಡಿಸಿ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಯೋಜನೆಯನ್ನು ಘೋಷಿಸಲಾಯಿತು. ಯಶಸ್ವಿನಿಯೂ ಅದರಲ್ಲಿ ಸೇರಿತು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಅದನ್ನು ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಜೋಡಿಸಿ 'ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ' ಎಂಬ ಹೆಸರು ನೀಡಲಾಯಿತು. ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ; ಉಳಿದ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟು ಮಾತ್ರ, ವಾರ್ಷಿಕ ಮಿತಿ 1.5 ಲಕ್ಷ ರೂಪಾಯಿ.

ಏಕೀಕರಣದ ಆಡಳಿತಾತ್ಮಕ ಲಾಭ ನಿಜವಾದುದು. ಆದರೆ ಬಡತನ ರೇಖೆಗಿಂತ ಸ್ವಲ್ಪವೇ ಮೇಲಿದ್ದ ಸಣ್ಣ ಹಿಡುವಳಿದಾರರು ಇದರಿಂದ ಸಂಕಷ್ಟಕ್ಕೆ ಸಿಲುಕಿದರು. ಯಶಸ್ವಿನಿಯಲ್ಲಿ ವಂತಿಗೆ ಕಟ್ಟಿ ನಗದುರಹಿತ ಚಿಕಿತ್ಸೆ ಪಡೆಯುತ್ತಿದ್ದವರು ಈಗ ವೆಚ್ಚದ ಶೇ. 70ನ್ನು ತಾವೇ ಹೊರಬೇಕಾಯಿತು. ತುರ್ತಲ್ಲದ ಚಿಕಿತ್ಸೆಗಾಗಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಅಗತ್ಯವಾಯಿತು. ಸರ್ಕಾರಿ ಆಸ್ಪತ್ರೆಗಳನ್ನು ಬಲಪಡಿಸಲು ಮತ್ತು ಅನಗತ್ಯ ದಾಖಲಾತಿ ತಡೆಯಲು ಈ ನಿಯಮ ಸಮರ್ಥನೀಯ. ರೋಗಿಯ ಪಾಲಿಗೆ ಅದು ಇನ್ನೊಂದು ದಿನದ ಅಲೆದಾಟ. ಹಿಂದೆ ಹಣ ಕಟ್ಟಿದ್ದರಿಂದ ಹಕ್ಕೆಂದು ಕೇಳಬಹುದಾಗಿದ್ದುದನ್ನು ಈಗ ಕಾರ್ಡಿನ ಬಣ್ಣ ನಿರ್ಧರಿಸುತ್ತದೆಂಬ ಅಸಮಾಧಾನ ಸಹಕಾರಿ ವಲಯದಲ್ಲಿ ಉಳಿಯಿತು.

2022ರ ರಾಜ್ಯ ಬಜೆಟ್‌ನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಯಶಸ್ವಿನಿಯ ಮರುಜಾರಿಯನ್ನು ಘೋಷಿಸಿ 300 ಕೋಟಿ ರೂಪಾಯಿ ಮೀಸಲಿಟ್ಟರು. 2022ರ ನವೆಂಬರ್‌ನಲ್ಲಿ ನೋಂದಣಿ ಆರಂಭವಾಗಿ, 2023ರ ಜನವರಿಯಿಂದ ಸೌಲಭ್ಯ ದೊರೆಯತೊಡಗಿತು. ಹೊಸ ರೂಪದಲ್ಲಿ ವಂತಿಗೆಯನ್ನು ತಲೆಗಿಷ್ಟೆಂದು ಲೆಕ್ಕ ಹಾಕುವುದನ್ನು ಬಿಟ್ಟು ಕುಟುಂಬವನ್ನೇ ಘಟಕವಾಗಿ ಪರಿಗಣಿಸಲಾಗಿದೆ. ಇದರಿಂದ ಮನೆಯ ರೋಗಿಯನ್ನಷ್ಟೇ ಸೇರಿಸಿ ಆರೋಗ್ಯವಂತರನ್ನು ಹೊರಗಿಡುವ ಆಯ್ಕೆ ಇಲ್ಲವಾಗುತ್ತದೆ. ಗ್ರಾಮೀಣ ಸಹಕಾರ ಸಂಘಗಳ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ ವಾರ್ಷಿಕ ವಂತಿಗೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ; ಕುಟುಂಬಕ್ಕೆ ವೆಚ್ಚದ ಮಿತಿ 5 ಲಕ್ಷ ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಗ್ರಾಮೀಣ ವಂತಿಗೆಯನ್ನು ನಾಲ್ವರಿಗೆ ಹಂಚಿದರೆ ತಲೆಗೆ 125 ರೂಪಾಯಿ ಬರುತ್ತದೆ. 2005-06ರಲ್ಲಿ ಲಕ್ಷಾಂತರ ಸದಸ್ಯರು ಹೊರನಡೆದ ದರಕ್ಕಿಂತ ಇದು 5 ರೂಪಾಯಿಯಷ್ಟೇ ಹೆಚ್ಚು.